ಪದ ಪರಿಚಯ: ಥೈರಾಯ್ಡ್

ಕತ್ತಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ ಉಸಿರುನಾಳವನ್ನು ತಬ್ಬಿಕೊಂಡಿರುವ ನಿರ್ನಾಳ ಗ್ರಂಥಿ ಥೈರಾಯ್ಡ್. ಗ್ರೀಕ್‌ನ ‘ಥೈರಿಯೋಸ್’ ಎಂದರೆ ಉದ್ದನೆಯ ದೊಡ್ಡ ಗುರಾಣಿ. ಅದರ ಬೇರು ಬಾಗಿಲು ಎಂಬರ್ಥದ ‘ಥೈರಾ’. ನಿಜಕ್ಕೆ ಗುರಾಣಿಯ ಹೋಲಿಕೆ ಇರುವುದು ಪಕ್ಕದ ಮೃದ್ವಸ್ಥಿಗೆ; ಥೈರಾಯ್ಡ್ ಎಂಬ ಹೆಸರೂ ಮೊದಲು ಅದರದೇ. 1656ರಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ವಾರ್ಟನ್ ಅದೇ ಹೆಸರನ್ನು ಗ್ರಂಥಿಗೂ ಅಂಟಿಸಿದ. ಕತ್ತಿನ ತಗ್ಗು ತುಂಬಿ, ಮುಖ್ಯವಾಗಿ ಹೆಂಗಸರ ಕೊರಳಿಗೆ ಅಂದ ಕೊಡುವುದೂ ಇದರ ಕೆಲಸವೆಂದು ಅವನು ನಂಬಿದ್ದ. ಗ್ರಂಥಿಯ ಅಸಲಿ ಕೆಲಸ ತಿಳಿಯಲು ಎರಡು ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ಇದರ ಮುಖ್ಯ ಹಾರ್ಮೋನು ಥೈರಾಕ್ಸಿನ್. 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಅದನ್ನು ಹರಳಾಗಿ ಬೇರ್ಪಡಿಸಿದರು. ಇದರ ತಯಾರಿಗೆ ಅಯೋಡಿನ್ ಬೇಕು. ಸಾಲದಿದ್ದರೆ ಗ್ರಂಥಿ ಊದಿ ಗಳಗಂಡವಾಗುತ್ತದೆ. ಅಡುಗೆ ಉಪ್ಪಿಗೆ ಅಯೋಡಿನ್ ಬೆರೆಸುವುದು ಅದಕ್ಕೇ. ಥೈರಾಕ್ಸಿನ್ ಕಡಿಮೆಯಾದರೆ ಮೈ ಭಾರ, ಸುಸ್ತು, ಚಳಿ, ಮಲಬದ್ಧತೆ. ಹೆಚ್ಚಾದರೆ ಎದೆ ಡವಗುಟ್ಟಿ, ಕೈ ನಡುಗಿ, ಉಂಡರೂ ತೂಕ ಇಳಿಯುತ್ತದೆ. ಎಷ್ಟು ಸ್ರವಿಸಬೇಕೆಂದು ಟಿಎಸ್‌ಎಚ್ ಎಂಬ ಹಾರ್ಮೋನಿನ ಮೂಲಕ ಹೇಳುವುದು ಮೆದುಳಿನ ತಳದ ಪಿಟ್ಯುಟರಿ ಗ್ರಂಥಿ.

ಕನ್ನಡದಲ್ಲಿ ‘ಗುರಾಣಿಕ ಗ್ರಂಥಿ’ ಎಂಬ ಅಚ್ಚುಕಟ್ಟಾದ ಪದವಿದ್ದರೂ ಅದು ಪುಸ್ತಕ ಬಿಟ್ಟು ಹೊರಬರಲಿಲ್ಲ. ಆಡುಮಾತಿನಲ್ಲಿ ಗ್ರಂಥಿಯ ಹೆಸರೇ ಕಾಯಿಲೆಯ ಹೆಸರು: ‘ಅವಳಿಗೆ ಥೈರಾಯ್ಡ್ ಇದೆ’, ‘ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ’. ಶುಗರ್, ಬಿಪಿ ‘ಇರುವ’ ಹಾಗೆಯೇ ಇದೂ. ಗ್ರಂಥಿ ಎಲ್ಲರಿಗೂ ಇದ್ದೇ ಇರುತ್ತದೆಂದು ವ್ಯಾಕರಣ ತಕರಾರು ತೆಗೆದರೂ, ಈ ಬಳಕೆ ಯಾರಿಗೂ ಗೊಂದಲ ಮಾಡಿಲ್ಲ.