ಅಡಾಪ್ಟಿವ್ ಫಿಲ್ಟರ್

ಅಡಾಪ್ಟಿವ್ ಫಿಲ್ಟರ್: ತನ್ನ ಉತ್ತರದಲ್ಲಿ ಉಳಿದ ತಪ್ಪನ್ನು ಪ್ರತಿ ಕ್ಷಣವೂ ಅಳೆದು, ಅದು ಕಡಿಮೆಯಾಗುವಂತೆ ತನ್ನನ್ನು ತಾನೇ ತಿದ್ದಿಕೊಳ್ಳುವ ಡಿಜಿಟಲ್ ಶೋಧಕ. ಕನ್ನಡದಲ್ಲಿ ಇದನ್ನು ಹೊಂದಿಕೊಳ್ಳುವ ಶೋಧಕ ಎನ್ನಬಹುದು. ಫೋನಿನ ಪ್ರತಿಧ್ವನಿ ಅಳಿಸುವುದು, ಇಸಿಜಿಯಿಂದ ವಿದ್ಯುತ್ ತಂತಿಯ ಗುಂಯ್‌ಗುಡುವಿಕೆ ತೆಗೆಯುವುದು, ಮೋಡೆಮ್‌ನಲ್ಲಿ ಕಲಸಿಹೋದ ಬಿಟ್‌ಗಳನ್ನು ಬಿಡಿಸುವುದು, ಹೆಡ್‌ಫೋನಿನಲ್ಲಿ ಹೊರಗಿನ ಗದ್ದಲ ತಗ್ಗಿಸುವುದು ಇದರ ಮುಖ್ಯ ಬಳಕೆಗಳು.

ಅಗತ್ಯ

ಮೇ ತಿಂಗಳಲ್ಲಿ ನಾಗಪುರದ ಬಿಸಿಲು 45 ಡಿಗ್ರಿ ಸೆಲ್ಸಿಯಸ್ ಮುಟ್ಟುವುದುಂಟು. ಆಗ ಮನೆಮನೆಯ ಕಿಟಕಿಗೆ ನೀರಿನ ಕೂಲರ್ ಏರುತ್ತದೆ. ಅದರ ಫ್ಯಾನು ಭೋರ್ಗರೆಯುವ ಕೋಣೆಯಲ್ಲಿ ಕುಳಿತು ಫೋನಿನಲ್ಲಿ ಮಾತಾಡಿದರೆ ಆ ಕಡೆಯವರಿಗೆ ಅರ್ಧ ಮಾತು, ಅರ್ಧ ಗಾಳಿಯ ಸದ್ದು ಕೇಳಿಸುತ್ತದೆ. ಮಾಮೂಲಿ ಫಿಲ್ಟರ್ ಇಲ್ಲಿ ಸೋಲುತ್ತದೆ. ಅದಕ್ಕೆ ಗೊತ್ತಿರುವುದು ಇಂತಿಷ್ಟು ಆವರ್ತನಗಳನ್ನು ಬಿಡು, ಇಂತಿಷ್ಟನ್ನು ತಡೆ ಎಂಬ ಒಂದೇ ಕಟ್ಟಳೆ. ಕೂಲರಿನ ಸದ್ದಾದರೋ ಮಾತಿನ ಆವರ್ತನಗಳ ಮೇಲೆಯೇ ಹರಡಿಕೊಂಡಿರುತ್ತದೆ. ಸದ್ದನ್ನು ತಡೆದರೆ ಮಾತೂ ಹೋಗುತ್ತದೆ. ಫ್ಯಾನಿನ ವೇಗ ಬದಲಾದರೆ, ಯಾರೋ ಬಾಗಿಲು ತೆರೆದರೆ, ಮಾತಾಡುವವರು ಎದ್ದು ನಿಂತರೆ ಗದ್ದಲದ ಸ್ವರೂಪವೂ ಬದಲಾಗುತ್ತದೆ. ಮೊದಲೇ ಲೆಕ್ಕಹಾಕಿಟ್ಟ ಫಿಲ್ಟರ್ ಇದನ್ನೆಲ್ಲ ಬೆನ್ನಟ್ಟಲಾರದು.

ಅಡಾಪ್ಟಿವ್ ಫಿಲ್ಟರಿನ ಉಪಾಯ ಬೇರೆ. ಕೂಲರಿನ ಪಕ್ಕದಲ್ಲಿ ಇನ್ನೊಂದು ಮೈಕ್ ಇಡಬೇಕು. ಅದು ಗದ್ದಲವನ್ನಷ್ಟೇ ಕೇಳುತ್ತದೆ. ಇದನ್ನು ಉಲ್ಲೇಖ ಸಂಕೇತ ಎನ್ನುತ್ತಾರೆ. ಮಾತಿನ ಮೈಕ್ ಕೇಳುವುದು ಮಾತು ಮತ್ತು ಗದ್ದಲ ಎರಡನ್ನೂ. ಕೂಲರಿನಿಂದ ಮಾತಿನ ಮೈಕಿಗೆ ಬರುವ ದಾರಿಯಲ್ಲಿ ಸದ್ದು ಎಷ್ಟು ತಡವಾಯಿತು, ಎಷ್ಟು ಸೊರಗಿತು, ಯಾವ ಗೋಡೆಗೆ ಬಡಿದು ಮತ್ತೆ ಬಂತು ಎಂಬುದನ್ನು ಫಿಲ್ಟರ್ ಅಂದಾಜು ಮಾಡಿ ಗದ್ದಲದ ನಕಲೊಂದನ್ನು ತಯಾರಿಸುತ್ತದೆ. ಆ ನಕಲನ್ನು ಮಾತಿನ ಮೈಕಿನ ಸಂಕೇತದಿಂದ ಕಳೆದರೆ ಮಾತು ಉಳಿಯುತ್ತದೆ.

ರಚನೆ

ಫಿಲ್ಟರಿನ ಒಡಲಲ್ಲಿ ಒಂದು ಸಾಲು ಗುಣಾಂಕಗಳಿರುತ್ತವೆ. ಇವನ್ನು ತೂಕಗಳು ಎಂದು ಕರೆಯುವುದು ರೂಢಿ. ಉಲ್ಲೇಖ ಸಂಕೇತದ ಈಗಿನ ಮಾದರಿಯನ್ನೂ (ಸ್ಯಾಂಪಲ್) ಹಿಂದಿನ ಕೆಲವು ಮಾದರಿಗಳನ್ನೂ ಆಯಾ ತೂಕದಿಂದ ಗುಣಿಸಿ ಕೂಡಿದರೆ ಬರುವುದೇ ಗದ್ದಲದ ನಕಲು. ಎಷ್ಟು ತೂಕ ಬೇಕು ಎಂಬುದು ಕೋಣೆಯನ್ನು ಅವಲಂಬಿಸುತ್ತದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಕೂಲರ್ 3.4 ಮೀಟರ್ ದೂರದಲ್ಲಿದ್ದರೆ ಸದ್ದು 10 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಸೆಕೆಂಡಿಗೆ 8,000 ಮಾದರಿ ತೆಗೆಯುವ ವ್ಯವಸ್ಥೆಯಲ್ಲಿ ಅದು 80 ಮಾದರಿಗಳಷ್ಟು. ಗೋಡೆಗಳಿಂದ ಮರಳಿ ಬರುವ ಸದ್ದನ್ನೂ ಹಿಡಿಯಬೇಕಾದರೆ ನೂರಾರು ತೂಕಗಳು ಬೇಕು.

ಕಳೆದ ಮೇಲೆ ಉಳಿದದ್ದನ್ನು ತಪ್ಪು ಎಂದು ಕರೆಯುತ್ತಾರೆ. ಉಳಿದದ್ದರಲ್ಲಿ ನಮಗೆ ಬೇಕಾದ ಮಾತೂ ಇರುವಾಗ ಅದನ್ನು ತಪ್ಪು ಎನ್ನುವುದು ಹೇಗೆ ಎಂದು ಹೊಸಬರು ತಡವರಿಸುತ್ತಾರೆ. ಮಾತಿಗೂ ಕೂಲರಿನ ಸದ್ದಿಗೂ ಸಂಬಂಧವಿಲ್ಲ. ಹಾಗಾಗಿ ಮಾತಿನಿಂದಾದ ತಿದ್ದುಪಡಿಗಳು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಎಳೆದು ಸರಾಸರಿಯಲ್ಲಿ ಒಂದನ್ನೊಂದು ಅಳಿಸಿಕೊಳ್ಳುತ್ತವೆ. ಉಳಿದ ಗದ್ದಲದಿಂದಾದ ತಿದ್ದುಪಡಿಗಳು ಮಾತ್ರ ಒಂದೇ ದಿಕ್ಕಿಗೆ ಕೂಡುತ್ತ ಹೋಗುತ್ತವೆ.

ಇತಿಹಾಸ

ಗದ್ದಲದಿಂದ ಸಂಕೇತವನ್ನು ಬೇರ್ಪಡಿಸುವ ಅತ್ಯುತ್ತಮ ಶೋಧಕ ಯಾವುದು ಎಂಬ ಪ್ರಶ್ನೆಗೆ ಗಣಿತದ ಉತ್ತರ ಕೊಟ್ಟವರು ರಷ್ಯಾದ ಆಂದ್ರೇ ಕೊಲ್ಮೊಗೊರೊವ್ ಮತ್ತು ಅಮೆರಿಕದ ನಾರ್ಬರ್ಟ್ ವೀನರ್. ಇಬ್ಬರೂ 1940ರ ದಶಕದಲ್ಲಿ ಬೇರೆಬೇರೆಯಾಗಿ ಈ ಕೆಲಸ ಮಾಡಿದರು. ವೀನರ್ ಶೋಧಕವನ್ನು ಕಟ್ಟಲು ಸಂಕೇತ ಮತ್ತು ಗದ್ದಲಗಳ ಸಾಂಖ್ಯಿಕ ಗುಣಗಳು ಮೊದಲೇ ತಿಳಿದಿರಬೇಕು. ವ್ಯವಹಾರದಲ್ಲಿ ಅವು ತಿಳಿದಿರುವುದು ಅಪರೂಪ.

ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಬರ್ನಾರ್ಡ್ ವಿಡ್ರೊ ಮತ್ತು ಅವರ ವಿದ್ಯಾರ್ಥಿ ಟೆಡ್ ಹಾಫ್ 1959ರಲ್ಲಿ ಈ ಕಟ್ಟನ್ನು ಬಿಡಿಸಿದರು. ಸರಾಸರಿಗಳನ್ನು ಮೊದಲೇ ತಿಳಿಯುವ ಬದಲು, ಬರುವ ಒಂದೊಂದು ಮಾದರಿಯಿಂದಲೂ ಒಂದಿಷ್ಟು ಕಲಿಯುತ್ತ ಹೋದರೆ ಸಾಕು ಎಂಬುದು ಅವರ ವಿಚಾರ. 1960ರಲ್ಲಿ ಪ್ರಕಟವಾದ ಈ ವಿಧಾನವೇ ಎಲ್‌ಎಂಎಸ್, ಅಂದರೆ ಕನಿಷ್ಠ ಸರಾಸರಿ ವರ್ಗದ ಅಲ್ಗಾರಿದಂ. ಹಾಫ್ ಮುಂದೆ ಇಂಟೆಲ್ ಸಂಸ್ಥೆಯ 4004 ಮೈಕ್ರೊಪ್ರೊಸೆಸರಿನ ರೂವಾರಿಗಳಲ್ಲಿ ಒಬ್ಬರಾದರು.

ಹೀಗೆ ಕಲಿಯುವುದಕ್ಕೂ ಬರಿಯ ಸ್ವಯಂಚಾಲನೆಗೂ ಇರುವ ವ್ಯತ್ಯಾಸ ತಿಳಿಯಲು ಸರ್ ಎಂ. ವಿಶ್ವೇಶ್ವರಯ್ಯನವರ ಅಣೆಕಟ್ಟಿನ ಬಾಗಿಲುಗಳನ್ನು ನೋಡಬಹುದು. 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಅವರು ಅಳವಡಿಸಿದ ಸ್ವಯಂಚಾಲಿತ ಬಾಗಿಲುಗಳು ನೀರು ಗೊತ್ತಾದ ಮಟ್ಟ ಮೀರಿದಾಗ ತಾವೇ ತೆರೆದುಕೊಂಡು, ಇಳಿದಾಗ ತಾವೇ ಮುಚ್ಚಿಕೊಳ್ಳುತ್ತಿದ್ದವು. ಮುಂದೆ ಕೃಷ್ಣರಾಜಸಾಗರಕ್ಕೂ ಅಂಥ ಬಾಗಿಲುಗಳು ಬಂದವು. ಫಲವನ್ನು ನೋಡಿ ಕ್ರಿಯೆಯನ್ನು ತಿದ್ದುವ ಹಿಂದುಣಿಕೆಯ (ಫೀಡ್‌ಬ್ಯಾಕ್) ತತ್ತ್ವ ಅಲ್ಲಿಯೂ ಇದೆ. ಆದರೆ ಬಾಗಿಲಿನ ಕಟ್ಟಳೆ ಎಂದೂ ಬದಲಾಗದು; ಮಟ್ಟವನ್ನು ಎಂಜಿನಿಯರ್ ಒಮ್ಮೆ ನಿಗದಿ ಮಾಡಿದರೆ ಮುಗಿಯಿತು. ಅಡಾಪ್ಟಿವ್ ಫಿಲ್ಟರಿನಲ್ಲಿ ಕಟ್ಟಳೆಯೇ ತಿದ್ದಿಕೊಳ್ಳುತ್ತದೆ. ಸ್ವಯಂಚಾಲಿತಕ್ಕೂ ಹೊಂದಿಕೊಳ್ಳುವುದಕ್ಕೂ ಇರುವ ಅಂತರ ಇಷ್ಟು.

ಎಲ್‌ಎಂಎಸ್ ಅಲ್ಗಾರಿದಂ

ನಿಯಮ ಒಂದೇ ಸಾಲಿನದು:

ಹೊಸ ತೂಕ = ಹಳೆಯ ತೂಕ + (ಹೆಜ್ಜೆ × ತಪ್ಪು × ಒಳಬಂದ ಮಾದರಿ)

ಹೆಜ್ಜೆ ಎಂದರೆ ಪ್ರತಿ ಸಲ ಎಷ್ಟು ತಿದ್ದಬೇಕು ಎಂಬುದರ ಅಳತೆ. ಒಂದೇ ತೂಕವಿರುವ ಫಿಲ್ಟರನ್ನು ತೆಗೆದುಕೊಂಡು ಕೈಯಲ್ಲೇ ಲೆಕ್ಕ ಹಾಕಬಹುದು. ಒಳಬರುವ ಮಾದರಿ ಸದಾ 1, ಕಲಿಯಬೇಕಾದ ಸರಿ ತೂಕ 0.5, ಆರಂಭದ ತೂಕ 0 ಎಂದಿಟ್ಟುಕೊಳ್ಳೋಣ. ಮೊದಲ ತಪ್ಪು 0.5. ಹೆಜ್ಜೆ 0.5 ಆದರೆ ತೂಕ 0.25ಕ್ಕೆ ಏರಿ ತಪ್ಪು 0.25 ಆಗುತ್ತದೆ. ಮುಂದಿನ ಸಲ ತೂಕ 0.375, ತಪ್ಪು 0.125. ಪ್ರತಿ ಹೆಜ್ಜೆಗೂ ತಪ್ಪು ಅರ್ಧಕ್ಕಿಳಿಯುತ್ತದೆ. ಹೆಜ್ಜೆಯನ್ನು 2.2ಕ್ಕೆ ಏರಿಸಿದರೆ ತೂಕ ಒಂದೇ ನೆಗೆತಕ್ಕೆ 1.1 ಆಗಿ ಗುರಿ ದಾಟುತ್ತದೆ. ತಪ್ಪು 0.5ರಿಂದ −0.6, 0.72, −0.864 ಎಂದು ಆಚೀಚೆ ಜೀಕುತ್ತ ಬೆಳೆಯುತ್ತದೆ. ಕಲಿಯುವ ಆತುರ ಮಿತಿ ಮೀರಿದರೆ ಫಿಲ್ಟರ್ ಹುಚ್ಚೇಳುತ್ತದೆ. ಈ ಉದಾಹರಣೆಯಲ್ಲಿ ಆ ಮಿತಿ 2. ನಿಜವಾದ ಸಂಕೇತಗಳಲ್ಲಿ ಅದು ಸಂಕೇತದ ಬಲಕ್ಕೆ ತಕ್ಕಂತೆ ಬದಲಾಗುತ್ತದೆ.

ಹೆಜ್ಜೆ ತೀರ ಸಣ್ಣದಾದರೂ ತೊಂದರೆಯೇ. ಕೋಣೆಯ ಬಾಗಿಲು ತೆರೆದಾಗ ಹೊಸ ಪರಿಸ್ಥಿತಿಗೆ ಹೊಂದಿಕೊಳ್ಳಲು ಫಿಲ್ಟರಿಗೆ ಹೊತ್ತು ಹಿಡಿಯುತ್ತದೆ. ದೊಡ್ಡ ಹೆಜ್ಜೆ ಬೇಗ ಕಲಿಯುತ್ತದೆ, ಆದರೆ ಕಲಿತ ಮೇಲೂ ಸರಿಯುತ್ತರದ ಸುತ್ತ ನಡುಗುತ್ತಲೇ ಇರುತ್ತದೆ. ಚುರುಕು ಮತ್ತು ನೆಮ್ಮದಿಗಳ ನಡುವಿನ ಈ ಆಯ್ಕೆ ಅಡಾಪ್ಟಿವ್ ಫಿಲ್ಟರಿನ ಮೂಲ ಸಮಸ್ಯೆ. ಮುಂದೆ ಬಂದ ಅಲ್ಗಾರಿದಂಗಳಲ್ಲಿ ಬಹುಪಾಲು ಇದಕ್ಕೆ ಹುಡುಕಿದ ಉತ್ತರಗಳು.

ಇತರ ಅಲ್ಗಾರಿದಂಗಳು

ಎನ್‌ಎಲ್‌ಎಂಎಸ್ (ನಾರ್ಮಲೈಸ್ಡ್ ಎಲ್‌ಎಂಎಸ್) ವಿಧಾನದಲ್ಲಿ ಹೆಜ್ಜೆಯನ್ನು ಒಳಬಂದ ಸಂಕೇತದ ಬಲದಿಂದ ಭಾಗಿಸುತ್ತಾರೆ. ಕೂಗಿದಾಗ ಹೆಜ್ಜೆ ತಾನಾಗಿ ಕಿರಿದಾಗುತ್ತದೆ, ಪಿಸುಗುಟ್ಟಿದಾಗ ಹಿರಿದಾಗುತ್ತದೆ. ಜಪಾನಿನ ನಗುಮೊ ಮತ್ತು ನೋಡ 1967ರಲ್ಲಿ ಇದನ್ನು ಪ್ರಕಟಿಸಿದರು. ಮಾತಿನಂತೆ ಏರಿಳಿಯುವ ಸಂಕೇತಗಳಿಗೆ ಇದು ಹೇಳಿಮಾಡಿಸಿದಂತಿದೆ. 1984ರಲ್ಲಿ ಒಝೆಕಿ ಮತ್ತು ಉಮೆದ ಮಂಡಿಸಿದ ಅಫೈನ್ ಪ್ರೊಜೆಕ್ಷನ್ ವಿಧಾನ ಇತ್ತೀಚಿನ ಹಲವು ಮಾದರಿಗಳನ್ನು ಒಟ್ಟಿಗೆ ಪರಿಗಣಿಸಿ ಇನ್ನಷ್ಟು ಬೇಗ ಕಲಿಯುತ್ತದೆ.

ಆರ್‌ಎಲ್‌ಎಸ್ (ರಿಕರ್ಸಿವ್ ಲೀಸ್ಟ್ ಸ್ಕ್ವೇರ್ಸ್) ಅಲ್ಗಾರಿದಂ ಈವರೆಗೆ ಬಂದ ಎಲ್ಲ ಮಾದರಿಗಳ ತಪ್ಪನ್ನೂ ಲೆಕ್ಕಕ್ಕೆ ಹಿಡಿಯುತ್ತದೆ, ಹಳೆಯವುಗಳ ಪ್ರಭಾವವನ್ನು ಮರೆವಿನ ಗುಣಾಂಕದಿಂದ ಕರಗಿಸುತ್ತ ಬರುತ್ತದೆ. ಆ ಗುಣಾಂಕ 0.99 ಆದರೆ ನೆನಪಿನ ಉದ್ದ ಸುಮಾರು 100 ಮಾದರಿಗಳು. ಕಲಿಕೆ ಬಲು ಚುರುಕು, ಬೆಲೆಯೂ ಅಷ್ಟೇ ದುಬಾರಿ. 1,024 ತೂಕಗಳ ಫಿಲ್ಟರಿನಲ್ಲಿ ಎಲ್‌ಎಂಎಸ್‌ಗೆ ಪ್ರತಿ ಮಾದರಿಗೂ ಸುಮಾರು 2,000 ಗುಣಾಕಾರ ಸಾಕು. ಆರ್‌ಎಲ್‌ಎಸ್‌ನ ಮೂಲರೂಪಕ್ಕೆ ತೂಕಗಳ ಸಂಖ್ಯೆಯ ವರ್ಗದಷ್ಟು, ಅಂದರೆ ಕಡಿಮೆಯೆಂದರೂ 10 ಲಕ್ಷ ಬೇಕು. ಸೆಕೆಂಡಿಗೆ 8,000 ಮಾದರಿ ಬರುವಲ್ಲಿ ಇದು 1.6 ಕೋಟಿಗೂ 800 ಕೋಟಿಗೂ ಇರುವ ಅಂತರ. ಬ್ಯಾಟರಿಯಲ್ಲಿ ನಡೆಯುವ ಸಾಧನಗಳು ಎಲ್‌ಎಂಎಸ್ ಕುಟುಂಬವನ್ನೇ ನೆಚ್ಚಿಕೊಂಡಿರುವುದಕ್ಕೆ ಇದೇ ಕಾರಣ.

ಇಸಿಜಿ ಮತ್ತು 50 ಹರ್ಟ್ಸ್

ಇಸಿಜಿ ಯಂತ್ರ ಹಿಡಿಯುವ ಹೃದಯದ ಸಂಕೇತ 1 ಮಿಲಿವೋಲ್ಟ್ ಆಸುಪಾಸಿನದು. ಕೋಣೆಯ ವಿದ್ಯುತ್ ತಂತಿಗಳಿಂದ ರೋಗಿಯ ಮೈಗೂ ಯಂತ್ರದ ತಂತಿಗೂ ಅಂಟುವ 50 ಹರ್ಟ್ಸ್ ಅಲೆ ಅದನ್ನು ಸುಲಭವಾಗಿ ಮುಚ್ಚಬಲ್ಲದು. ಕಾಗದದ ಮೇಲೆ ಗೆರೆ ದಪ್ಪಗಾಗಿ, ಗರಗಸದ ಅಂಚಿನಂತೆ ಕಾಣುತ್ತದೆ.

50 ಹರ್ಟ್ಸ್ ಎಂದರೂ ಅದು ಕದಲದೆ ನಿಂತ ಸಂಖ್ಯೆಯಲ್ಲ. ಭಾರತದ ಗ್ರಿಡ್ ಸಂಹಿತೆ ಒಪ್ಪುವ ವ್ಯಾಪ್ತಿ 49.90ರಿಂದ 50.05 ಹರ್ಟ್ಸ್. 2013ರ ಡಿಸೆಂಬರ್ 31ರಂದು ರಾಯಚೂರು–ಸೋಲಾಪುರ 765 ಕಿಲೋವೋಲ್ಟ್ ಮಾರ್ಗ ಚಾಲನೆಗೊಂಡು ದಕ್ಷಿಣದ ಗ್ರಿಡ್ ಉಳಿದ ದೇಶದೊಂದಿಗೆ ಕೂಡಿತು. ಅಂದಿನಿಂದ ನಾಗಪುರದ ಆಸ್ಪತ್ರೆಯ ಇಸಿಜಿಗೆ ಅಂಟುವ ಅಲೆಯೂ ರಾಯಚೂರಿನ ಆಸ್ಪತ್ರೆಯ ಇಸಿಜಿಗೆ ಅಂಟುವ ಅಲೆಯೂ ಒಂದೇ ತಾಳದಲ್ಲಿ ಏರಿಳಿಯುತ್ತವೆ.

ವಿಡ್ರೊ ಮತ್ತು ಸಂಗಡಿಗರು 1975ರ ಪ್ರಸಿದ್ಧ ಪ್ರಬಂಧದಲ್ಲಿ ಇದಕ್ಕೆ ಪರಿಹಾರ ತೋರಿಸಿದರು. ಅವರ ಎದುರಿಗಿದ್ದದ್ದು ಅಮೆರಿಕದ 60 ಹರ್ಟ್ಸ್. ವಿಧಾನ 50ಕ್ಕೂ ಅದೇ. ಗೋಡೆಯ ಪ್ಲಗ್ಗಿನ ವೋಲ್ಟೇಜನ್ನೇ ತಗ್ಗಿಸಿ ಉಲ್ಲೇಖವಾಗಿ ಬಳಸುತ್ತಾರೆ. ತೂಕಗಳು ಎರಡೇ ಸಾಕು: ಒಂದು ಉಲ್ಲೇಖಕ್ಕೆ, ಇನ್ನೊಂದು ಕಾಲು ಆವರ್ತ ತಡವಾದ ಅದರ ಪ್ರತಿಗೆ. ಸೆಕೆಂಡಿಗೆ 1,000 ಮಾದರಿ ತೆಗೆದರೆ ಒಂದು ಆವರ್ತಕ್ಕೆ 20 ಮಾದರಿ, ಕಾಲು ಆವರ್ತಕ್ಕೆ 5. ಈ ಎರಡನ್ನು ಬೇಕಾದ ಪ್ರಮಾಣದಲ್ಲಿ ಬೆರೆಸಿದರೆ ಯಾವುದೇ ಎತ್ತರದ, ಯಾವುದೇ ಹಂತದ 50 ಹರ್ಟ್ಸ್ ಅಲೆ ಸಿದ್ಧ. ಗ್ರಿಡ್‌ನ ಆವರ್ತನ ಜಾರಿದರೆ ಉಲ್ಲೇಖವೂ ಜೊತೆಗೆ ಜಾರುತ್ತದೆ, ಫಿಲ್ಟರ್ ಬೆನ್ನು ಬಿಡುವುದಿಲ್ಲ. ಹೆಜ್ಜೆ ಸಣ್ಣದಿದ್ದಷ್ಟೂ 50 ಹರ್ಟ್ಸ್ ಆಸುಪಾಸಿನ ಆವರ್ತನಗಳಲ್ಲಿ ಅದು ಕೊರೆಯುವ ಕಂದಕ ಕಿರಿದಾಗಿ, ಹೃದಯದ ಸಂಕೇತಕ್ಕೆ ತಾಗುವ ಪೆಟ್ಟೂ ಕಡಿಮೆಯಾಗುತ್ತದೆ.

ಪ್ರತಿಧ್ವನಿ ನಿವಾರಣೆ

ಭೂಸ್ಥಿರ ಉಪಗ್ರಹ ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿದೆ. ಅದರ ಮೂಲಕ ಹೋದ ದನಿ ಆ ತುದಿಯ ಸರ್ಕ್ಯೂಟ್‌ನಿಂದ ಚಿಮ್ಮಿ ಮರಳುವಷ್ಟರಲ್ಲಿ ಅರ್ಧ ಸೆಕೆಂಡ್ ಕಳೆದಿರುತ್ತದೆ. ತನ್ನ ಮಾತೇ ತನಗೆ ತಡವಾಗಿ ಕೇಳಿಸಿದರೆ ಮಾತು ಮುಂದುವರಿಸುವುದು ಕಷ್ಟ. 1960ರ ದಶಕದಲ್ಲಿ ಬೆಲ್ ಪ್ರಯೋಗಾಲಯದ ಜಾನ್ ಕೆಲ್ಲಿ, ಬೆನ್ ಲೋಗನ್ ಮತ್ತು ಮನಮೋಹನ್ ಸೊಂಧಿ ಇದಕ್ಕೆ ಅಡಾಪ್ಟಿವ್ ಫಿಲ್ಟರನ್ನು ಬಳಸಿದರು. ಸೊಂಧಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಪರ್ಕ ಎಂಜಿನಿಯರಿಂಗ್ ಓದಿದವರು. ಅವರ ಪ್ರಬಂಧ ಪ್ರಕಟವಾದದ್ದು 1967ರಲ್ಲಿ. ಇಂದು ಸ್ಪೀಕರ್ ಫೋನಿನಲ್ಲಿ, ವಿಡಿಯೊ ಸಭೆಯಲ್ಲಿ ನಡೆಯುವುದೂ ಇದೇ: ದೂರದಿಂದ ಬಂದ ದನಿ ಉಲ್ಲೇಖ, ಅದು ಸ್ಪೀಕರಿನಿಂದ ಹೊರಟು ಮೈಕಿಗೆ ಬೀಳುವ ದಾರಿ ಕಲಿಯಬೇಕಾದ ಪಾಠ.

ಇತರ ಬಳಕೆಗಳು

ರಾಬರ್ಟ್ ಲಕಿ 1965ರಲ್ಲಿ ಟೆಲಿಫೋನ್ ಮಾರ್ಗದ ವಿರೂಪವನ್ನು ತಾನೇ ಸರಿಪಡಿಸಿಕೊಳ್ಳುವ ಈಕ್ವಲೈಸರನ್ನು ಪ್ರಕಟಿಸಿದರು. ವೇಗದ ಮೋಡೆಮ್‌ಗಳು ಸಾಧ್ಯವಾದದ್ದು ಇದರಿಂದ. ಗದ್ದಲಕ್ಕೆ ಎದುರು ಗದ್ದಲ ಹುಟ್ಟಿಸಿ ಅದನ್ನು ಅಳಿಸುವ ವಿಚಾರಕ್ಕೆ ಜರ್ಮನಿಯ ಪಾಲ್ ಲ್ಯೂಗ್ 1936ರಲ್ಲೇ ಅಮೆರಿಕದ ಪೇಟೆಂಟ್ ಪಡೆದಿದ್ದರು. ಇಂದು ಹೆಡ್‌ಫೋನಿನಲ್ಲೂ ಇರುವ ಈ ವಿಚಾರವನ್ನು ಬದಲಾಗುವ ಗದ್ದಲಕ್ಕೆ ಹೊಂದಿಸಲು ಎಲ್‌ಎಂಎಸ್ ಮತ್ತು ಅಗ್ಗದ ಡಿಜಿಟಲ್ ಚಿಪ್‌ಗಳು ನೆರವಾದವು. ಶ್ರವಣ ಸಾಧನದಲ್ಲಿ ಸ್ಪೀಕರಿನ ದನಿ ಮತ್ತೆ ಮೈಕಿಗೆ ಸೋರಿ ಹುಟ್ಟುವ ಸಿಳ್ಳನ್ನು ಅಡಗಿಸುವುದೂ ಇದೇ ತಂತ್ರ.

ಮಿತಿಗಳು

ಇಬ್ಬರೂ ಒಟ್ಟಿಗೆ ಮಾತಾಡಿದಾಗ ಪ್ರತಿಧ್ವನಿಯ ಫಿಲ್ಟರ್ ಹತ್ತಿರದವರ ಬಲವಾದ ಮಾತನ್ನು ತನ್ನ ತಪ್ಪೆಂದು ಬಗೆದು ಕಲಿತದ್ದನ್ನು ಕೆಡಿಸಿಕೊಳ್ಳುತ್ತದೆ. ಇಬ್ಬರೂ ಒಟ್ಟಿಗೆ ಮಾತಾಡುತ್ತಿರುವುದನ್ನು ಪತ್ತೆಹಚ್ಚಿ ಆ ಹೊತ್ತಿಗೆ ಕಲಿಕೆಯನ್ನು ತಡೆಹಿಡಿಯಲು ಪ್ರತ್ಯೇಕ ವ್ಯವಸ್ಥೆ ಬೇಕು. ಉಲ್ಲೇಖದ ಮೈಕಿಗೆ ಮಾತು ಸೋರಿದರೆ ಫಿಲ್ಟರ್ ಮಾತನ್ನೂ ಅಳಿಸುತ್ತದೆ. ಇಸಿಜಿಯಲ್ಲಿ ಹೆಜ್ಜೆ ಅತಿಯಾದರೆ ಹೃದಯಬಡಿತದ ಚೂಪಾದ ಅಲೆಯ ಹಿಂದೆ ಹುಸಿ ಕಂಪನಗಳು ಬಾಲದಂತೆ ಉಳಿಯುತ್ತವೆ. ಅವುಗಳ ನಡುವೆ ವೈದ್ಯರು ಹುಡುಕುವ ಸಣ್ಣ ಸುಳಿವೊಂದು ಮುಚ್ಚಿಹೋಗಬಹುದು.

ತಪ್ಪನ್ನು ತಗ್ಗಿಸುವ ಕೆಲಸದಲ್ಲಿ ಈ ಫಿಲ್ಟರಿಗೆ ದಣಿವಿಲ್ಲ. ಆದರೆ ಯಾವುದನ್ನು ಗದ್ದಲ ಎನ್ನಬೇಕು, ಯಾವುದನ್ನು ಉಳಿಸಬೇಕು ಎಂಬುದು ಅದಕ್ಕೆ ತಿಳಿಯದು. ಉಲ್ಲೇಖದ ಮೈಕನ್ನು ಎಲ್ಲಿಡಬೇಕೆಂದು ನಿರ್ಧರಿಸುವ ಎಂಜಿನಿಯರೇ ಆ ತೀರ್ಮಾನ ಮಾಡಬೇಕು. ಅಲ್ಗಾರಿದಂ ಆರಿಸುವುದಕ್ಕೆ ಮೊದಲು ಮೈಕಿನ ಜಾಗ ಆರಿಸಬೇಕಾಗಿರುವುದು ಅದಕ್ಕಾಗಿಯೇ.