ಆಯನೂರು ಸೀಮೆಯ ದೊಡ್ಡ ಬೇಟೆ ಮತ್ತು .405 ರೈಫಲ್: ಒಂದು ಟಿಪ್ಪಣಿ

ಶಿವಮೊಗ್ಗದಿಂದ ಸಾಗರದ ಹಾದಿ ಹಿಡಿದು ಆಯನೂರು ದಾಟಿದರೆ ಕುಂಸಿ, ಚೋರಡಿ, ಆನಂದಪುರ ಒಂದಾದ ಮೇಲೊಂದು ಬರುತ್ತವೆ. ಕೆನೆತ್ ಆಂಡರ್ಸನ್ (1910–1974) ಅವರನ್ನು ಓದಿದವರಿಗೆ ಈ ಸೀಮೆ ಪರಿಚಿತ. 1954ರಲ್ಲಿ ಬಂದ ಅವರ ಮೊದಲ ಪುಸ್ತಕದಲ್ಲಿ ತ್ಯಾಗರ್ತಿಯ ಹುಲಿಗಳ ಕಥೆಯಿದೆ. ಚೋರಡಿಯ ಕೇಸರದ ಹುಲಿಯ ಬಗ್ಗೆಯೂ ಅವರು ಬರೆದರು. ಪೂರ್ಣಚಂದ್ರ ತೇಜಸ್ವಿಯವರ ‘ಕಾಡಿನ ಕಥೆಗಳು’ ಬಂದ ಮೇಲಂತೂ ಆಂಡರ್ಸನ್ ಕನ್ನಡದಲ್ಲಿ ಮನೆಮಾತಾದರು. ಈ ಕಥೆಗಳಲ್ಲಿ ಅವರ ಕೈಯಲ್ಲಿ ಮತ್ತೆ ಮತ್ತೆ ಕಾಣುವುದು ವಿಂಚೆಸ್ಟರ್ ಕಂಪನಿಯ 1895ರ ಮಾದರಿಯ ರೈಫಲ್, ಬೋರು .405. ಜಿಂಕೆಯಿಂದ ಕಾಟಿಯವರೆಗೆ ಎಲ್ಲಕ್ಕೂ ಒಂದೇ ಕೋವಿ ಸಾಕೆಂಬ ಮಾತಿಗೆ ಇದನ್ನು ಉದಾಹರಣೆ ಕೊಡುವವರಿದ್ದಾರೆ. ಆ ಮಾತನ್ನು ಈ ಸೀಮೆಯ ಕಾಡಿಗೆ ಹಚ್ಚಿ ಪರಿಶೀಲಿಸುವುದು ಈ ಟಿಪ್ಪಣಿಯ ಉದ್ದೇಶ.

.405 ತೋಟಾ ಬಳಕೆಗೆ ಬಂದದ್ದು 1904ರಲ್ಲಿ. ಗುಂಡಿನ ತೂಕ 300 ಗ್ರೇನ್, ಅಂದರೆ 19 ಗ್ರಾಮಿಗೆ ತುಸು ಹೆಚ್ಚು. ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 2,200 ಅಡಿ. ಅಮೆರಿಕದ ಅಧ್ಯಕ್ಷರಾಗಿದ್ದ ಥಿಯೊಡರ್ ರೂಸ್‌ವೆಲ್ಟ್ 1909ರಲ್ಲಿ ಪೂರ್ವ ಆಫ್ರಿಕಕ್ಕೆ ಹೋದಾಗ ಇದೇ ಬೋರಿನ ರೈಫಲ್ ಒಯ್ದಿದ್ದರು, ಸಿಂಹಕ್ಕೆ ಇದು ದಿವ್ಯೌಷಧವೆಂದು ಹೊಗಳಿದ್ದರು. ಅವರ ಜೊತೆಯಲ್ಲಿ ಇನ್ನೂ ಭಾರಿಯಾದ ಜೋಡು ನಳಿಗೆಯ ಇಂಗ್ಲಿಷ್ ರೈಫಲ್ ಒಂದು ಇತ್ತೆಂಬುದನ್ನು ಈ ಹೊಗಳಿಕೆಯ ಪಕ್ಕದಲ್ಲಿಟ್ಟು ನೋಡಬೇಕು. ಒಂದೇ ಕೋವಿಯನ್ನು ಅವರೂ ನೆಚ್ಚಿಕೊಂಡಿರಲಿಲ್ಲ.

ಬೋರಿನ ಅಂಕಿ ನೋಡಿ ಕೋವಿಯ ಯೋಗ್ಯತೆ ಅಳೆಯುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಅದು ಎಷ್ಟು ದಾರಿ ತಪ್ಪಿಸುತ್ತದೆಂಬುದಕ್ಕೆ ಜಿಮ್ ಕಾರ್ಬೆಟ್ಟರ ಜೋಡು ನಳಿಗೆಯನ್ನು ಆಂಡರ್ಸನ್ನರ ವಿಂಚೆಸ್ಟರ್ ಪಕ್ಕ ಇಟ್ಟರೆ ಸಾಕು. ಕಾರ್ಬೆಟ್ಟರದು .450/400. ಹೆಸರು ಏನೇ ಹೇಳಲಿ, ಎರಡರ ಗುಂಡಿನ ಅಡ್ಡಗಲ ಹೆಚ್ಚುಕಡಿಮೆ ಒಂದೇ, 0.41 ಇಂಚು. ಆದರೆ ಕಾರ್ಬೆಟ್ಟರ ಗುಂಡು 400 ಗ್ರೇನ್, ಆಂಡರ್ಸನ್ನರದು 300. ಒಂದೇ ಅಗಲದ ಮುಖದ ಹಿಂದೆ ಮೂರನೆಯ ಒಂದು ಪಾಲು ಹೆಚ್ಚು ಸೀಸ ತಳ್ಳುತ್ತಿದ್ದರೆ ಗುಂಡು ಮೂಳೆ ಮುರಿದೂ ಮುಂದೆ ಸಾಗುತ್ತದೆ. ಹಗುರ ಗುಂಡು ಅಲ್ಲೇ ದಣಿಯುತ್ತದೆ. ಕಾರ್ಬೆಟ್ಟರ ಇನ್ನೊಂದು ರೈಫಲ್, ಚಂಪಾವತದ ನರಭಕ್ಷಕಿಯನ್ನು ಕೊಂದುದಕ್ಕೆ ಉಡುಗೊರೆಯಾಗಿ ಬಂದ ರಿಗ್ಬಿ, ಬರೀ .275. ಅದೇ ಬೋರಿನ ಉದ್ದನೆಯ, ಬಿರುಸು ಹೊದಿಕೆಯ ಗುಂಡಿನಿಂದ ಆಫ್ರಿಕದಲ್ಲಿ ಬೆಲ್ ಎಂಬ ಬೇಟೆಗಾರ ಆನೆಗಳನ್ನೇ ಕೆಡವುತ್ತಿದ್ದ.

ಇನ್ನು ಕಾಡಿನ ಮಾತು. ಆಯನೂರು–ಚೋರಡಿ ಕಡೆಯ ಎಲೆಯುದುರುವ ಕಾಡಿನಲ್ಲಿ ಬಿದಿರ ಮೆಳೆ, ಲಂಟಾನದ ಹಳು ದಟ್ಟ. ಅಲ್ಲಿ ಹುಲಿ ಕಣ್ಣಿಗೆ ಬೀಳುವುದೇ ಹತ್ತಿಪ್ಪತ್ತು ಮಾರಿನೊಳಗೆ. ಮೊಂಡು ಮೂತಿಯ .405 ಗುಂಡು ದೂರ ಹೋದಷ್ಟೂ ಬೇಗ ವೇಗ ಕಳೆದುಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಇದು ದೊಡ್ಡ ಕೊರತೆ, ಇಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಇಲ್ಲಿ ಬೇಕಾದದ್ದು ಎರಡನೆಯ ಈಡು ತಡವಾಗದೆ ಸಿಗುವುದು. ವಿಂಚೆಸ್ಟರಿನಲ್ಲಿ ಕುದುರೆಯ ಸುತ್ತಲಿನ ಬಳೆಯೇ ಸನ್ನೆ. ಬೆರಳುಗಳನ್ನು ಅದರೊಳಗೆ ಇಟ್ಟಂತೆಯೇ ಕೆಳಗೆ ದೂಡಿದರೆ ಖಾಲಿ ತೋಟಾ ಹಾರುತ್ತದೆ. ಮೇಲಕ್ಕೆಳೆದರೆ ಹೊಸತು ಒಳಗೆ ಕೂರುತ್ತದೆ. ಕೋವಿಯನ್ನು ಹೆಗಲಿಂದ ಇಳಿಸಬೇಕಾಗಿಲ್ಲ, ನಳಿಗೆಗೆ ಬಿಗಿದ ಟಾರ್ಚಿನ ಬೆಳಕೂ ಮಿಕದ ಮೇಲಿಂದ ಅಷ್ಟಾಗಿ ಸರಿಯುವುದಿಲ್ಲ. ರಾತ್ರಿ ಅಟ್ಟಣೆಯಲ್ಲಿ ಕುಳಿತು ಟಾರ್ಚಿನ ಬೆಳಕಿನಲ್ಲಿ ಗುಂಡು ಹಾರಿಸುವವನಿಗೆ ಈ ಸೌಕರ್ಯ ಬೋರಿಗಿಂತ ದೊಡ್ಡದು ಎಂದು ನಾನು ತಿಳಿಯುತ್ತೇನೆ.

ಕೋವಿಯ ಆಯ್ಕೆ ಬೇಟೆಗಾರನ ಇಷ್ಟಕ್ಕೆ ಮಾತ್ರ ಬಿಟ್ಟದ್ದೂ ಆಗಿರಲಿಲ್ಲ. ಸೈನ್ಯದ ಹಳೆಯ ಮಾರ್ಟಿನಿ-ಹೆನ್ರಿ ಬಂದೂಕಿನ ಮದ್ದುಗುಂಡು ದಂಗೆಕೋರರ ಕೈ ಸೇರೀತೆಂಬ ಅಂಜಿಕೆಯಿಂದ ಬ್ರಿಟಿಷ್ ಸರ್ಕಾರ 1907ರಲ್ಲಿ .450 ಬೋರಿನ ಆಮದನ್ನೇ ನಿಲ್ಲಿಸಿತು. ಲಂಡನ್ನಿನ ಕೋವಿ ತಯಾರಕರು .465, .470 ಎಂದು ಹೊಸ ಅಳತೆಗಳನ್ನು ಕಟ್ಟಿದ್ದು ಇದರಿಂದ. ಮೈಸೂರು ಅರಸರ ಸಂಸ್ಥಾನವಾದರೂ ಮದರಾಸು, ಮುಂಬಯಿ, ಮಂಗಳೂರು ಬಂದರುಗಳೆಲ್ಲ ಬ್ರಿಟಿಷರ ಕೈಯಲ್ಲಿದ್ದವು. ಸ್ವಾತಂತ್ರ್ಯದ ನಂತರವೂ ಸೈನ್ಯದ .303 ಬೋರು ಸಾಮಾನ್ಯರಿಗೆ ನಿಷಿದ್ಧವಾಗಿ ಉಳಿಯಿತು. ಅದರ ಬದಲಿಗೆ ಪರವಾನಗಿದಾರರ ಕೈಗೆ ಬಂದದ್ದು ಸರ್ಕಾರಿ ಕಾರ್ಖಾನೆಯ .315. ಯಾವ ಬೋರು ಒಳ್ಳೆಯದು ಎಂಬ ಪ್ರಶ್ನೆಗೆ ಮೊದಲು ಉತ್ತರಿಸುತ್ತಿದ್ದುದು ಪರವಾನಗಿಯ ಕಾಗದ.

ಊರವರ ಕೈಯಲ್ಲಿದ್ದದ್ದು ಇವ್ಯಾವೂ ಅಲ್ಲ, ಕೇಪಿನ ಕೋವಿ. ನಳಿಗೆಯ ಬಾಯಿಂದ ಕರಿಮದ್ದು ಸುರಿದು, ತೆಂಗಿನ ನಾರು ತುರುಕಿ, ಗಜದಿಂದ ಜಡಿದು, ಚರೆಯನ್ನೋ ಸೀಸದ ಉಂಡೆಯನ್ನೋ ಇಳಿಸಿ, ಮತ್ತೆ ನಾರು ಜಡಿದು, ಕೊನೆಗೆ ಕೇಪು ಇಡಬೇಕು. 12 ಬೋರಿಗೆ ಸರಿಯಾದ ಸೀಸದ ಉಂಡೆ ಒಂದು ಪೌಂಡಿನ ಹನ್ನೆರಡನೆಯ ಒಂದು ಪಾಲು, ಸುಮಾರು 38 ಗ್ರಾಂ. ತೂಕದಲ್ಲಿ ಆಂಡರ್ಸನ್ನರ ಗುಂಡಿಗೆ ಇಮ್ಮಡಿ! ಆದರೆ ಮುಖ ಅಗಲ, ವೇಗ ಕಡಿಮೆ, ಹೊದಿಕೆಯಿಲ್ಲದ ಮೆದು ಸೀಸ. ಹಂದಿಗೆ ಅದು ಸಾಕು. ಹುಲಿಯ ಹೆಗಲಿಗೆ ಬಿದ್ದರೆ ಆಳಕ್ಕೆ ಇಳಿಯದೆ ಚಪ್ಪಟೆಯಾಗುವ ಸಂಭವ ಹೆಚ್ಚು, ಚರೆಯ ಮಾತಂತೂ ಬೇಡ. ಮತ್ತೆ ಮದ್ದು ತುಂಬುವ ಹೊತ್ತಿಗೆ ಮಿಕ ಹಳು ಸೇರಿರುತ್ತದೆ. ಗಾಯಗೊಂಡು ಜಿಂಕೆ, ಕಡವೆ ಹಿಡಿಯಲಾಗದ ಹುಲಿ ದನಕ್ಕೆ, ಆಮೇಲೆ ಮನುಷ್ಯರಿಗೆ ತಿರುಗಿದ ಪ್ರಸಂಗಗಳನ್ನು ಕಾರ್ಬೆಟ್, ಆಂಡರ್ಸನ್ ಇಬ್ಬರೂ ಬರೆದಿದ್ದಾರೆ. ಹೊಲ ಕಾಯುವವನನ್ನು ದೂರಲು ನನಗೆ ಮನಸ್ಸಿಲ್ಲ, ಅವನಿಗೆ ಬೇರೆ ಕೋವಿ ಕೊಳ್ಳುವ ದಾರಿಯೇ ಇರಲಿಲ್ಲ. ಆದರೂ ಶಕ್ತಿ ಸಾಲದ ಕೋವಿಯ ಬೆಲೆಯನ್ನು ಎಷ್ಟೋ ಸಲ ತೆತ್ತವರು ದನ ಕಾಯುವವರು, ಸೌದೆಗೆ ಹೋದ ಹೆಂಗಸರು.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಇಲ್ಲಿ ಈ ಬೇಟೆಯ ಅಧ್ಯಾಯ ಮುಗಿಯಿತು. 1974ರಲ್ಲಿ ಇದೇ ಸೀಮೆಯ ಶೆಟ್ಟಿಹಳ್ಳಿ ಅಭಯಾರಣ್ಯವಾಯಿತು. ಬೇಟೆ ಮುಗಿದದ್ದು ಸರಿಯೆಂಬುದರಲ್ಲಿ ನನಗೆ ಅನುಮಾನವಿಲ್ಲ. ಉಳಿದಿರುವುದು ಓದಿನ ಪ್ರಶ್ನೆ. ಇನ್ನೂರು ಕಿಲೋ ತೂಗುವ ಹುಲಿಗೆ, ಹತ್ತಿರದಿಂದ, .405 ಒಪ್ಪುವ ಕೋವಿ. ಒಂದು ಸಾವಿರ ಕಿಲೋವರೆಗೆ ಬೆಳೆಯುವ ಕಾಟಿಯ ಹೆಗಲಿಗೆ ಅದರ 300 ಗ್ರೇನ್ ಗುಂಡು ಹಗುರವೇ. ಆಂಡರ್ಸನ್ನರ ಹೆಸರು ಹೇಳಿ ಅದನ್ನು ಸರ್ವೋಪಯೋಗಿ ಎನ್ನುವವರು ಅವರ ಒಂದೊಂದು ಪ್ರಸಂಗದಲ್ಲೂ ಮಿಕ ಯಾವುದು, ಎಷ್ಟು ದೂರದಲ್ಲಿತ್ತು, ಯಾವ ಮಗ್ಗುಲು ತೋರಿಸಿ ನಿಂತಿತ್ತು, ಎಷ್ಟನೆಯ ಈಡಿಗೆ ಬಿತ್ತು ಎಂದು ಬರೆದುಕೊಂಡು ಓದಬೇಕು.