ಸಂಕೇತ ಹೊರಗಿನದೆ, ಒಳಗಿನದೆ? 'ಕಾಲಿಯರ್' ಸಾಕ್ಷ್ಯದ ಮರುಓದು ಮತ್ತು ಜಕ್ಕೂರಿನ 'ಅಸೃಜ್'

ರಕ್ತಕೋಶಗಳು ರೂಪುಗೊಳ್ಳುವ ಬಗೆಯ ಚರಿತ್ರೆ ಬರೆಯುವವರು 2007ಕ್ಕೆ ಬಂದೊಡನೆ ನಿಶ್ಚಿಂತರಾಗಿಬಿಡುತ್ತಾರೆ. ಆ ವರ್ಷ 'ನೇಚರ್' ಪತ್ರಿಕೆಯಲ್ಲಿ ಹಣ್ಣುನೊಣದ ಬಗ್ಗೆ ಎರಡು ಪ್ರಬಂಧಗಳು ಬಂದವು. ಒಂದು ಲೋಲಿತಿಕಾ ಮಂಡಲ್, ಉತ್ಪಲ್ ಬ್ಯಾನರ್ಜಿ ಬಳಗದ್ದು, ಇನ್ನೊಂದು ಫ್ರಾನ್ಸಿನ ತುಲೂಸ್‌ನ ಕ್ರೋಜಾಟಿಯೆ, ವಿನ್ಸೆಂಟ್ ಬಳಗದ್ದು. ಮರಿಹುಳದಲ್ಲಿ ರಕ್ತಕೋಶಗಳು ಹುಟ್ಟುವ ದುಗ್ಧಗ್ರಂಥಿಯ ತುದಿಯಲ್ಲಿರುವ ಪುಟ್ಟ ಸಂಕೇತಕೇಂದ್ರವೇ, ಮುಂದೆ ರಕ್ತಕೋಶಗಳಾಗುವ ಪೂರ್ವಕೋಶಗಳನ್ನು ಪಕ್ವವಾಗದಂತೆ ಕಾಯುತ್ತದೆ ಎಂಬುದು ಎರಡರ ತೀರ್ಮಾನ. ಕೇಂದ್ರ ಆಜ್ಞಾಪಿಸುತ್ತದೆ, ಕೋಶ ಪಾಲಿಸುತ್ತದೆ ಎಂಬ ಕಥನ ಅಲ್ಲಿಂದ ಬೇರೂರಿತು. ಅದನ್ನು ಇಂದಿಗೂ ತಿದ್ದದೆ ಒಪ್ಪಿಸುವುದನ್ನು ನಾನು ಒಪ್ಪಲಾರೆ.

ತುಲೂಸ್‌ನ ಮುಖ್ಯ ಸಾಕ್ಷ್ಯ 'ಕಾಲಿಯರ್' ಎಂಬ ಜೀನು ಕೆಟ್ಟ ಮರಿಹುಳ. ಅದರಲ್ಲಿ ಸಂಕೇತಕೇಂದ್ರವಿರಲಿಲ್ಲ, ಪೂರ್ವಕೋಶಗಳೂ ಉಳಿಯಲಿಲ್ಲ. ಮೊದಲನೆಯದರಿಂದಲೇ ಎರಡನೆಯದು ಆಯಿತು ಎಂದು ಓದಲಾಯಿತು. ಆದರೆ ಈ ಹುಳದ ಮೈಯ ಪ್ರತಿ ಕೋಶದಲ್ಲೂ ಆ ಜೀನು ಕೆಟ್ಟಿದೆ. ಕಾಲಿಯರ್‌ಗೆ ಪೂರ್ವಕೋಶದೊಳಗೇ ಕೆಲಸವಿದ್ದರೆ ಫಲಿತಾಂಶ ಹೀಗೆಯೇ ಇರುತ್ತದೆ, ಕೇಂದ್ರ ನಿರಪರಾಧಿಯಾಗಿದ್ದರೂ. ಇವೆರಡನ್ನು ಬೇರ್ಪಡಿಸಲು ಕೇಂದ್ರವನ್ನಷ್ಟೇ ಅಳಿಸಿ ನೋಡಬೇಕು. ಅದೇ ತುಲೂಸ್‌ನ ವಾಲ್ಟ್‌ಸೆರ್ ಬಳಗ ಹಾಗೆ ಮಾಡಿ 2015ರಲ್ಲಿ ಪ್ರಕಟಿಸಿತು: ಕೇಂದ್ರ ಅಳಿದರೂ ಪೂರ್ವಕೋಶಗಳು ಉಳಿದವು, ಅವುಗಳೊಳಗೇ ಅಲ್ಪ ಪ್ರಮಾಣದ ಕಾಲಿಯರ್ ಇದ್ದು, ಅದೇ ಅವನ್ನು ಕಾಯುತ್ತಿತ್ತು. ಪರಾವಲಂಬಿ ಕಣಜ ಮೊಟ್ಟೆಯಿಟ್ಟಾಗ ಅದನ್ನು ಸುತ್ತುವರಿಯುವ ಕೋಶಗಳು ಹುಟ್ಟಲು ಮಾತ್ರ ಕೇಂದ್ರ ಬೇಕಾಯಿತು. ಮರುವರ್ಷ ಕ್ರೋಜಾಟಿಯೆ, ವಿನ್ಸೆಂಟ್ ಬಳಗವೇ ಕಾಲಿಯರ್‌ಗೆ ಎರಡು ಸ್ವತಂತ್ರ ಕೆಲಸಗಳಿವೆ ಎಂದು ತೋರಿಸಿತು. ಮೂಲ ಲೇಖಕರೇ ಮುಂದೆ ಸಾಗಿದ ಮೇಲೂ ಚರಿತ್ರಕಾರರು ಹಳೆಯ ಓದಿಗೆ ಅಂಟಿಕೊಂಡಿರುವುದೇಕೆ? ಇದು ನೊಣಕ್ಕೆ ಸೀಮಿತವಾದ ತಕರಾರೂ ಅಲ್ಲ. ಕಾಲಿಯರ್‌ನ ಸಸ್ತನಿ ಬಂಧು ಇಬಿಎಫ್1 ಇಲ್ಲದ ಇಲಿಗಳಲ್ಲಿ ಬಿ ಕೋಶಗಳೆಂಬ ಬಿಳಿ ರಕ್ತಕೋಶಗಳು ಬೆಳೆಯುವುದಿಲ್ಲ ಎಂಬುದು 1995ರಲ್ಲೇ ತಿಳಿದಿತ್ತು. (ಕೇಂದ್ರ ಕಳಿಸುತ್ತದೆಂದು ಮಂಡಲ್ ಬಳಗ ಹೇಳಿದ ಹೆಜ್‌ಹಾಗ್ ಸಂಕೇತವನ್ನು ನೆಚ್ಚಿದ ಪೂರ್ವಕೋಶಗಳೂ ಇವೆ, ಆದ್ದರಿಂದ ಅವರ ವಾದ ಪೂರ್ತಿ ಬಿದ್ದಿಲ್ಲ.)

ಈ ಚರಿತ್ರೆಯಲ್ಲಿ ನಮ್ಮದೇ ನಾಡಿನ ಒಂದು ಆಕರಕ್ಕೆ ಸಲ್ಲಬೇಕಾದ ಸ್ಥಾನ ಸಂದಿಲ್ಲ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮ್‌ದಾರ್ ಬಳಗ 'ಅಸೃಜ್' ಎಂಬ ಪ್ರೋಟೀನನ್ನು ಬೆನ್ನುಹತ್ತಿತ್ತು. ಅದು ಇರುವುದು ಕೋಶದೊಳಗಿನ ಎಂಡೋಸೋಮ್ ಎಂಬ ಚೀಲಗಳಲ್ಲಿ. ಅದಿಲ್ಲದ ನೊಣದಲ್ಲಿ ನಾಚ್ ಸಂಕೇತ ಮಿತಿಮೀರಿ ಸ್ಫಟಿಕಕೋಶಗಳೆಂಬ ರಕ್ತಕೋಶಗಳು ಹೆಚ್ಚುತ್ತವೆ ಎಂದು 2011ರಲ್ಲಿ, ಜಾಕ್-ಸ್ಟಾಟ್ ಸಂಕೇತ ಕುಂದಿ ಪೂರ್ವಕೋಶಗಳು ಅಕಾಲದಲ್ಲಿ ಪಕ್ವವಾಗುತ್ತವೆ ಎಂದು 2013ರಲ್ಲಿ ಪ್ರಕಟವಾಯಿತು. ಹೊರಗಿನಿಂದ ಬಂದ ಸಂಕೇತದ ಬಲಾಬಲವನ್ನು ಕೋಶವೇ ತನ್ನೊಳಗೆ ತೀರ್ಮಾನಿಸುತ್ತದೆ ಎಂಬುದಕ್ಕೆ ಇದು ಸಾಕ್ಷ್ಯ, ಅದೂ 2015ಕ್ಕಿಂತ ಮೊದಲಿನದು.

ಕಾಲಿಯರ್ ಹುಳದ ಮೇಲೆ ನಾನೆತ್ತಿದ ಆಕ್ಷೇಪ ಅಸೃಜ್ ಇಲ್ಲದ ನೊಣಕ್ಕೂ ಅನ್ವಯಿಸುತ್ತದೆ: ಅಲ್ಲಿಯೂ ಜೀನು ಇಡೀ ದೇಹದಲ್ಲಿ ಇಲ್ಲ. ಆದ್ದರಿಂದ ನನ್ನ ವಾದ ನಿಂತಿರುವುದು 2013ರ ಪ್ರಬಂಧದ ಇನ್ನೊಂದು ಭಾಗದ ಮೇಲೆ. ತಟ್ಟೆಯಲ್ಲಿ ಬೆಳೆಸಿದ ಇಲಿಯ ಭ್ರೂಣದ ಕಾಂಡಕೋಶಗಳಲ್ಲೂ ಅಸೃಜ್ ಜಾಕ್-ಸ್ಟಾಟ್ ಸಂಕೇತದ ಕೊಂಡಿಯಾದ ಸ್ಟಾಟ್3ಕ್ಕೆ ಅಂಟಿಕೊಂಡು ಅದನ್ನು ಚುರುಕುಗೊಳಿಸಿತು. ಆ ತಟ್ಟೆಯಲ್ಲಿ ದುಗ್ಧಗ್ರಂಥಿಯೂ ಇರಲಿಲ್ಲ, ಸಂಕೇತಕೇಂದ್ರವೂ ಇರಲಿಲ್ಲ.